ಗುಡಿಯೊಳಗೆ ಬೂಟು

ಪಿರಿದಾದ ಜಗವನ್ನೇ ತನ್ನ ಬರಿಯಡಿಗಳ ಕುಣಿತದಲ್ಲಿ ಪೊರೆಯುವ ಪರಶಿವನಿಗೆ ಮೊದಲು ಶರಣೆಂದು, ಈ ಕಥನವನ್ನು ಆರಂಭಿಸುತ್ತೇವೆ.

ತಿಳವಳ್ಳಿಯ ಅಂಚಿನಲ್ಲಿ ಈಶ್ವರನಿಗೊಂದು ಹೊಸ ಗುಡಿ ಏಳುತ್ತಿತ್ತು. ಕೆಲಸಗಾರರ ಸುರಕ್ಷತೆಯನ್ನು ನೋಡಿಕೊಳ್ಳಲು ಗುತ್ತಿಗೆದಾರರು ನೇಮಿಸಿದ ವಿದ್ಯಾಶ್ರೀ ಮೊದಲ ದಿನವೇ ಬಾಗಿಲಲ್ಲಿ ನಿಂತು ಬೆರಗಾದಳು. ಹಂಚಿದ್ದ ತೊಗಲಿನ ಬೂಟುಗಳೆಲ್ಲ ಬೇಲಿಯ ಹೊರಗೆ ಸಾಲಾಗಿದ್ದವು. ಒಳಗೆ, ಕಾಂಕ್ರೀಟು ಗಟ್ಟಿಯಾದ ಮೇಲೆ ಬಿಚ್ಚಿ ಹಾಕಿದ ಸೆಂಟ್ರಿಂಗ್ ಹಲಗೆಗಳ ಮೊಳೆಗಳು ತಲೆಯೆತ್ತಿದ್ದ ನೆಲದ ಮೇಲೆ, ಎಲ್ಲರದೂ ಬರಿಗಾಲು. ತಲೆಯ ಹೆಲ್ಮೆಟ್ಟನ್ನು ಮಾತ್ರ ಒಬ್ಬರೂ ಬಿಟ್ಟಿರಲಿಲ್ಲ!

ಮೇಸ್ತ್ರಿ ಗುತ್ತೆಪ್ಪನಿಗೆ ಸಕ್ಕರೆ ಕಾಯಿಲೆ. ಹಿಂದೆ ಮೊಳೆ ನಟ್ಟ ಗಾಯ ಆರು ತಿಂಗಳು ಕಾಡಿ ಈಗಷ್ಟೇ ಮಾಗಿತ್ತು. ಇನ್ನೊಮ್ಮೆ ನಟ್ಟರೆ ಪಾದ ಉಳಿಯುವುದು ಕಷ್ಟವೆಂದು ವೈದ್ಯರು ಎಚ್ಚರಿಸಿದ್ದರು. ಬೂಟಿಲ್ಲದವನನ್ನು ಹೊರಗೆ ಕಳಿಸಬೇಕೆಂಬುದು ನಿಯಮ. ಶಿಖರವನ್ನು ಸ್ವಂತ ಕೈಯಿಂದ ಮುಗಿಸುವೆನೆಂಬುದು ಗುತ್ತೆಪ್ಪನ ಹರಕೆ.

"ಬೂಟ್ ಹಾಕ್ಕೊರಿ ಕಾಕಾ."

"ಗುಡಿಯಾಗ ಬೂಟಾ? ಏನ್ ಮಾತಂತ ಆಡ್ತೀರಿ ಮೇಡಂರ!"

"ದೇವರು ಇನ್ನೂ ಬಂದs ಇಲ್ಲಲ್ರಿ. ಸಿಮೆಂಟಿನ ಲಾರಿ ಒಳಗ ಬಂತಲ್ಲ, ಟೈರ್ ಬಿಚ್ಚಿಟ್ಟು ಬಂತೇನು?"

ಮರಳು ಸೋಸುತ್ತಿದ್ದ ಅವನ ಹೆಂಡತಿ ಮಂಜವ್ವ ಕಿಸಕ್ಕನೆ ನಕ್ಕಳು. "ಇನ್ನೂ ನಾಕ್ ಮಾತು ಹೇಳ್ರಿ ಅವ್ವಾರ. ನನ್ನ ಮಾತಿಗಂತೂ ಈ ಮನಷ್ಯಾಗ ಕಿವೀನs ಇಲ್ಲ."

"ಲಾರಿಗೆ ಹರಕಿ ಇಲ್ಲ, ನನಗೈತಿ," ಎಂದು ಗುತ್ತೆಪ್ಪ ಮುಖ ತಿರುಗಿಸಿದ.

ನಾಳೆಯೂ ಬರಿಗಾಲಾದರೆ ಬೇರೆ ಮೇಸ್ತ್ರಿಯನ್ನು ಕರೆತರುವುದಾಗಿ ಗುತ್ತಿಗೆದಾರರು ಫೋನಿನಲ್ಲಿ ಖಡಾಖಂಡಿತವಾಗಿ ನುಡಿದರು. ವಿದ್ಯಾಶ್ರೀಗೆ ಮಾತ್ರ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಗಿತ್ತು. ಕೆಲಸದ ಹಳೆಯ ಫೋಟೋಗಳನ್ನು ಒಂದೊಂದಾಗಿ ನೋಡುತ್ತ ಹೋದವಳು ಸ್ಲ್ಯಾಬ್ ಹಾಕಿದ ದಿನದ ಚಿತ್ರದಲ್ಲಿ ಥಟ್ಟನೆ ನಿಂತಳು. ಮೊಣಕಾಲೆತ್ತರದ ಕಪ್ಪು ಗಂಬೂಟು ತೊಟ್ಟವರ ನಡುವೆ, ಎಲ್ಲರಿಗಿಂತ ಮುಂದೆ, ಗುತ್ತೆಪ್ಪ!

"ಇವು ನಿಮ್ಮ ಕಾಲs ಅಲ್ಲೇನ್ರಿ ಕಾಕಾ?" ಎಂದು ಚಿತ್ರವನ್ನು ಅವನ ಮುಂದೆ ಹಿಡಿದಳು.

"ನನ್ನವs. ಅದು ಗಂಬೂಟ್ ರೀ, ಅದರ ಮಾತು ಬ್ಯಾರೆ."

"ಹೆಂಗ ಬ್ಯಾರೆ?"

ಹಾಗೆ ಯಾರೂ ಅವನನ್ನು ಕೇಳಿರಲಿಲ್ಲ. ಕರಣೆಯನ್ನು ಕೆಳಗಿಟ್ಟು ಯೋಚಿಸಿದ. "ರಬ್ಬರಿಂದು, ತೊಗಲಿಂದಲ್ಲ. ಇಲ್ಲೇ ಹಾಕ್ಕೊಂತೇವಿ, ಇಲ್ಲೇ ತೊಳೆದಿಡ್ತೇವಿ. ಬಜಾರ ತುಳಿದಿಲ್ಲ, ಸಂಡಾಸ ತುಳಿದಿಲ್ಲ. ಮಡಿ ಇದ್ದಂಗ ಅದು."

ವಿದ್ಯಾಶ್ರೀಗೆ ಆಗ ಅರಿವಾಯಿತು: ಅವನ ತಕರಾರು ಪಾದವನ್ನು ಮುಚ್ಚುವುದಕ್ಕಲ್ಲ, ಬೀದಿಯನ್ನು ಒಳಗೆ ತರುವುದಕ್ಕೆ. ಪೂಜೆಯ ಪಂಚೆಯುಟ್ಟು ಸಂತೆಗೆ ಹೋಗದವರಿಗೆ ಇದರಲ್ಲಿ ಹೊಸತೇನಿದೆ? ನಿಯಮವೂ ಮೊಳೆ ತಾಗಬಾರದೆಂದಿತ್ತೇ ಹೊರತು ತೊಗಲೇ ಆಗಬೇಕೆಂದು ಎಲ್ಲಿಯೂ ಹೇಳಿರಲಿಲ್ಲ. ಮೂಲೆಯಲ್ಲಿದ್ದ ಹಳೆಯ ಗಂಬೂಟೊಂದನ್ನು ತಂದು ಅದರ ಅಟ್ಟೆಗೆ ಮೊಳೆಯೊತ್ತಿ ನೋಡಿದಳು. ಸಲೀಸಾಗಿ ಒಳಹೊಕ್ಕಿತು.

ಅದೇ ಸಂಜೆ ಹಾವೇರಿಗೆ ಹೋಗಿ, ಅಟ್ಟೆಯೊಳಗೆ ಉಕ್ಕಿನ ತಗಡಿರುವ ಗಂಬೂಟುಗಳನ್ನು ಹುಡುಕಿ ತಂದಳು.

ಬೆಳಿಗ್ಗೆ ಗುತ್ತೆಪ್ಪ ಅವನ್ನು ಮೂಸಿದ, ಬಾಗಿಸಿದ. ಕೊನೆಗೆ ತಾನೇ ಮೊಳೆಯಿಟ್ಟು ಸುತ್ತಿಗೆಯಿಂದ ಹೊಡೆದ. ಮೊಳೆ ಬಾಗಿತು. ಇನ್ನೊಂದು ತೆಗೆದುಕೊಂಡ, ಅದೂ ಬಾಗಿತು.

"ಮೂರನೇದು ಬ್ಯಾಡ, ಕೆಲಸಕ್ಕ ಮೊಳಿ ಉಳಿಯೂದಿಲ್ಲ," ಎಂದಳು ಮಂಜವ್ವ.

"ಮೇಡಂರ, ಇವು ಬೇಲಿ ದಾಟಬಾರದು. ದಾಟಿದಾಂವನ ಹೆಸರು ಬರಕೊರಿ."

"ಬರಕೋತೇನಿ. ಬರಿಗಾಲಾಗ ಇದ್ದಾಂವನ ಹೆಸರೂ ಬರಕೋತೇನಿ."

"ಬರಕೊರಿ, ಬರಕೊರಿ!" ಗುತ್ತೆಪ್ಪ ನಕ್ಕು ಬೂಟುಗಳಿಗೆ ನೀರು ಸುರಿದು, ಒರೆಸಿ, ತೊಟ್ಟುಕೊಂಡ. ನಾಲ್ಕು ಹೆಜ್ಜೆ ಮೆಲ್ಲಗೆ ಇಟ್ಟ. ಐದನೆಯದನ್ನು ಹಲಗೆಗಳ ರಾಶಿಯ ಮೇಲೆ ಬೇಕೆಂದೇ ಗಟ್ಟಿಯಾಗಿ ಊರಿದ. ಒಂದು ಮೊಳೆಯೂ ಪಾದಕ್ಕೆ ತಾಗಲಿಲ್ಲ. ಅವನು ಸೊಂಟದ ಪಟ್ಟಿ ಬಿಗಿದು ಶಿಖರದ ಕಡೆಗೆ ಏರಿದ.

ಕಟ್ಟುವ ಕೈಗಳನ್ನೂ ನಡೆಯುವ ಕಾಲುಗಳನ್ನೂ ಶಿವನು ಕಾಯಲಿ. ಇದನ್ನು ಕೇಳಿದವರೆಲ್ಲರೂ ದುಡಿಮೆ ಮುಗಿಸಿ ನೋವಿಲ್ಲದೆ ಮನೆ ಸೇರುವಂತಾಗಲಿ.