ನಗಾರಿ ಊರಿನ ಮಧ್ಯಾಹ್ನ

ಊರಿನ ಹೆಸರು ಬೇಡ. ಹೇಳಿದರೆ ಅಲ್ಲಿಯವರು ಜಗಳಕ್ಕೆ ಬಂದಾರು. ಆ ಊರಿನಲ್ಲಿ ಮಧ್ಯಾಹ್ನವೆಂದರೆ ನಗಾರಿ ಬಾರಿಸಿದ ಹೊತ್ತು. ಚೌಕದ ಬುರುಜಿನ ಮೇಲೆ ಕೂತ ನಗಾರಿಯಜ್ಜ ಕೋಲು ಎತ್ತಿದನೆಂದರೆ ಶಾಲೆ ಬಿಡುತ್ತಿತ್ತು, ಊರು ಊಟಕ್ಕೆ ಕೂರುತ್ತಿತ್ತು. ಅಲ್ಲಿಂದ ಸಂಜೆ ದನ ಹಟ್ಟಿಗೆ ಬರುವವರೆಗಿನ ಬಿಡುವು ಪೂರ್ತಿ ಮಕ್ಕಳದು. ಅವರು ಎಲ್ಲಿ ಬೇಕಾದರೂ ಅಲೆಯಬಹುದು. ಆದರೆ ಹುಣ್ಣಿಮೆಯ ದಿನ ತಾವು ಕಂಡು ತಂದದ್ದನ್ನು ಊರ ಯಜಮಾನರ ಜಗಲಿಯ ಮೇಲಿಟ್ಟು, ಅದರ ಬಗ್ಗೆ ಒಂದು ಪ್ರಶ್ನೆ ಕೇಳಬೇಕು. ಉತ್ತರ ಗೊತ್ತಿರಬೇಕೆಂಬ ಕಟ್ಟಳೆ ಇರಲಿಲ್ಲ.

ಹಿಂದೆ ಆ ಜಗಲಿಯ ಮೇಲೆ ಹಾವಿನ ಪೊರೆ, ಗೀಜಗನ ಗೂಡು, ಕಬ್ಬಿಣದ ಮೊಳೆಯನ್ನು ಎಳೆಯುವ ಕರಿಕಲ್ಲು ಎಲ್ಲ ಬಂದು ಬೀಳುತ್ತಿದ್ದವು. ಈಚೆಗೆ ಬರುತ್ತಿದ್ದದ್ದು ಊರ ಬಾಗಿಲಿನ ಬೇವಿನ ಎಲೆ, ತಪ್ಪಿದರೆ ಕೋಳಿಯ ಪುಕ್ಕ. ಹೊತ್ತೇ ಸಾಲುವುದಿಲ್ಲ ಎಂದು ಮಕ್ಕಳು ಹೇಳಿದರೆ ಹಿರಿಯರು ನಗುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಮ್ಮ ಕಾಲದಲ್ಲಿ ಇದೇ ಹೊತ್ತಿನಲ್ಲಿ ಗುಡ್ಡ ಹತ್ತಿ ಇಳಿಯುತ್ತಿದ್ದೆವು ಎನ್ನುತ್ತಿದ್ದರು. ಕೊನೆಗೆ ಯಜಮಾನರು ಒಂದು ತೀರ್ಮಾನಕ್ಕೆ ಬಂದರು. ಬರುವ ಹುಣ್ಣಿಮೆಗೂ ಜಗಲಿ ಹೀಗೇ ಇದ್ದರೆ ಬಿಡುವು ರದ್ದು. ಮಕ್ಕಳು ಸಂಜೆಯವರೆಗೆ ಶಾಲೆಯಲ್ಲೇ ಕೂತು ಮಗ್ಗಿ ಹೇಳಬೇಕು.

ಈ ಮಾತು ಎಲ್ಲರಿಗಿಂತ ಹೆಚ್ಚು ಚುಚ್ಚಿದ್ದು ದ್ಯಾಮಿ ಎಂಬ ಹನ್ನೊಂದು ವರ್ಷದ ಹುಡುಗಿಗೆ. ಅವಳ ಅಜ್ಜಿಯ ಪೆಟ್ಟಿಗೆಯಲ್ಲಿ ಒಂದು ಕಲ್ಲಿತ್ತು. ಕಲ್ಲಿನೊಳಗೆ ಬೆರಳುಗಾತ್ರದ ಒಂದು ಶಂಖ ಹೂತಿತ್ತು. ಸಮುದ್ರದ ಶಂಖ ಗುಡ್ಡದ ಕಲ್ಲಿನೊಳಗೆ ಹೇಗೆ ಹೋಯಿತು? ಅಂಥದ್ದು ಇನ್ನೊಂದು ಸಿಕ್ಕರೆ, ಸಿಕ್ಕ ಜಾಗ ನೋಡಿದರೆ, ಏನಾದರೂ ತಿಳಿದೀತು ಎಂಬುದು ಅವಳ ಹಂಬಲ. ಮೂರು ಸಲ ಹೊರಟಿದ್ದಳು. ಮೂರು ಸಲವೂ ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ಹಿಂದೆ ದನಗಳ ಗಂಟೆ ಕೇಳಿಸಿತ್ತು.

"ಅಜ್ಜಿ, ಈ ಕಲ್ಲು ತರಾಕ ನಿನಗ ಎಷ್ಟ ದಿನ ಹಿಡೀತು?" ಎಂದು ಅವಳು ಕೇಳಿದಳು.

"ಎಷ್ಟ ದಿನ ಅಂದ್ರ? ಉಂಡು ಹೋದೆ, ದನ ಬರೂದ್ರಾಗ ಬಂದೆ."

ದ್ಯಾಮಿ ಅಜ್ಜಿಯ ಕಾಲು ನೋಡಿದಳು. ಅಜ್ಜಿಗೆ ಹುಟ್ಟಿದಾಗಿನಿಂದ ಎಡಗಾಲು ಕುಂಟು. ಕುಂಟು ಕಾಲಿಗೆ ಸಾಲುತ್ತಿದ್ದ ಹೊತ್ತು ತನ್ನ ಎರಡು ಗಟ್ಟಿ ಕಾಲಿಗೆ ಯಾಕೆ ಸಾಲುವುದಿಲ್ಲ? ಗುಡ್ಡ ದೂರ ಸರಿದಿರಲಾರದು. ಹಾಗಾದರೆ ಸರಿದದ್ದು ಬೇರೆ ಏನೋ ಇರಬೇಕು ಎಂದು ಅವಳಿಗೆ ಅನ್ನಿಸಿತು.

ಶಾಲೆಗೆ ರಜೆಯಿದ್ದ ಒಂದು ದಿನ ಅವಳು ಗೆಳತಿಯರ ಜೊತೆ ಬಯಲಿನಲ್ಲಿ ಒಂದು ಕೋಲು ನೆಟ್ಟಳು. ನೆರಳಿನ ತುದಿ ಎಲ್ಲಿದೆಯೋ ಅಲ್ಲಿ ಒಂದು ಹರಳುಕಲ್ಲು. ನೂರು ಸಲ ಕುಂಟಾಬಿಲ್ಲೆ ಕುಪ್ಪಳಿಸಿದ ಮೇಲೆ ಮತ್ತೊಂದು. ನೆರಳು ಗಿಡ್ಡವಾಗುತ್ತ ಆಗುತ್ತ ಕೋಲಿನ ಬುಡಕ್ಕೆ ಬಂತು, ಆಮೇಲೆ ಆ ಕಡೆಗೆ ಬೆಳೆಯತೊಡಗಿತು. ನಗಾರಿಯದು ಮಾತ್ರ ಸದ್ದಿಲ್ಲ. ಅತಿ ಗಿಡ್ಡ ನೆರಳಿನಿಂದ ಹದಿನೆಂಟು ಹರಳು ದಾಟಿದ ಮೇಲೆ ಊರಿನಲ್ಲಿ ಮಧ್ಯಾಹ್ನವಾಯಿತು.

ಇದು ಹೇಗಾಯಿತೆಂದು ಓದುವವರಿಗೆ ಹೇಳಿಬಿಡುತ್ತೇನೆ. ಯಜಮಾನರ ಅಡುಗೆಯವನಿಗೆ ಸಾರು ಆರಬಾರದೆಂಬ ಚಿಂತೆ. ಆದ್ದರಿಂದ ಹಿಂದಿನ ದಿನ ನಗಾರಿಯಾದ ಹೊತ್ತಿಗಿಂತ ಒಂದು ಚೂರು ತಡವಾಗಿಯೇ ಒಲೆ ಆರಿಸುತ್ತಿದ್ದ. ನಗಾರಿಯಜ್ಜನಿಗೆ ಯಜಮಾನರ ಎಲೆ ಬೀಳುವ ಮೊದಲೇ ಬಾರಿಸಿದರೆ ಉದ್ಧಟತನವಾದೀತೆಂಬ ಚಿಂತೆ. ಆದ್ದರಿಂದ ಆ ಮನೆಯ ಹೊಗೆ ನಿಂತ ಮೇಲೆಯೇ ಕೋಲು ಎತ್ತುತ್ತಿದ್ದ. ಇಬ್ಬರೂ ಒಳ್ಳೆಯವರೇ. ಹೀಗೆ ನಲವತ್ತು ವರ್ಷ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟೂ ಕೊಟ್ಟೂ ಊರಿನ ಮಧ್ಯಾಹ್ನ ಇಳಿಹೊತ್ತಿಗೆ ಜಾರಿತ್ತು. ಜನರಿಗೆ ನಡುವೆ ಹಸಿವಾಗುತ್ತಿದ್ದದ್ದು ನಿಜ. ಅದಕ್ಕೆ ಅವರು ನಗಾರಿತಿಂಡಿ ಎಂಬ ಹೊಸ ತಿಂಡಿ ಕಂಡುಹಿಡಿದುಕೊಂಡಿದ್ದರು, ಸೂರ್ಯನನ್ನು ನೋಡಿರಲಿಲ್ಲ.

ದ್ಯಾಮಿ ಹದಿನೆಂಟು ಹರಳನ್ನೂ ಲಂಗದ ಮಡಿಲಲ್ಲಿ ತುಂಬಿಕೊಂಡು ಹೋಗಿ ಹಿರಿಯರ ಸಭೆಯಲ್ಲಿ ಸುರಿದಳು. ನಗಾರಿ ತಪ್ಪುತ್ತಿದೆ, ಬಿಡುವು ಕರಗಿದೆ, ಮಕ್ಕಳು ಸೋಮಾರಿಗಳಲ್ಲ ಎಂದು ಹೇಳಿದಳು. ಹಿರಿಯರಲ್ಲಿ ಒಬ್ಬರು ಹರಳುಗಳನ್ನು ಎಣಿಸಲು ಕೈ ಚಾಚಿ, ಯಜಮಾನರ ಮುಖ ನೋಡಿ ಹಿಂದಕ್ಕೆ ಎಳೆದುಕೊಂಡರು.

"ಊರು ನಗಾರಿ ಮಾತ ಕೇಳತೈತಿ," ಎಂದರು ಯಜಮಾನರು. "ನೆರಳಿನ ಮಾತ ಕೇಳಾಕ ನಾವೇನ ಕೋಲು ಅಲ್ಲ."

ನಗಾರಿಯನ್ನು ಅವಮಾನಿಸಿದ್ದಕ್ಕೆ ಶಿಕ್ಷೆಯೂ ಆಯಿತು. ಏಳು ದಿನ, ಬೆಳಗಿನಿಂದ ನಗಾರಿ ಬಾರಿಸುವವರೆಗೆ, ದ್ಯಾಮಿ ಚೌಕದ ನಟ್ಟನಡುವೆ ಬಿಸಿಲಿನಲ್ಲಿ ನಿಲ್ಲಬೇಕು. ಊರೆಲ್ಲ ನೋಡಬೇಕು.

ಊರು ನೋಡಿತು. ಮೊದಲ ದಿನ ಹುಡುಗಿಯನ್ನು ನೋಡಿತು, ಎರಡನೆಯ ದಿನ ಅವಳ ನೆರಳನ್ನು ನೋಡಿತು. ಬಳೆಗಾರನ ಅಂಗಡಿಯ ಕಡೆಯಿದ್ದ ನೆರಳು ಅವಳ ಪಾದದ ಹತ್ತಿರ ಬಂದು ಮುದುಡಿ, ಆಮೇಲೆ ಎಣ್ಣೆಯಂಗಡಿಯ ಕಡೆಗೆ ಉದ್ದವಾಗುವುದನ್ನು ಎಲ್ಲರೂ ಕಂಡರು. ಬಳೆಗಾರನೊಬ್ಬ ಮಾತ್ರ ಅಂಗಡಿಯಿಂದ ಇಳಿದು ಬಂದು, ನೆರಳು ಅತಿ ಗಿಡ್ಡವಾದಾಗ ಅದರ ತುದಿ ಇದ್ದಲ್ಲಿ ಸುಣ್ಣದಿಂದ ಒಂದು ಗೆರೆ ಎಳೆದ. ಯಾಕೆಂದು ಕೇಳಿದವರಿಗೆ ಸುಮ್ಮನೆ ಎಂದ.

ನಲವತ್ತು ವರ್ಷ ಹೊಗೆಯನ್ನೇ ನೋಡುತ್ತಿದ್ದ ನಗಾರಿಯಜ್ಜನಿಗೆ ಈಗ ಕಣ್ಣು ಕೆಳಗೇ ಹೋಗುತ್ತಿತ್ತು. ಮೂರನೆಯ ದಿನ ನೆರಳು ಪಾದ ಸೇರಿದಾಗ ದ್ಯಾಮಿ ಸ್ವಲ್ಪ ತೂಗಾಡಿದಳು. ಅವನು ಕೋಲು ಕೈಗೆತ್ತಿಕೊಂಡ.

"ಕೂಸು ಬೇಯಾಕ ಹತ್ತೈತಿ," ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಹೊಗೆ ಇನ್ನೂ ಏಳುತ್ತಿರುವಾಗಲೇ ನಗಾರಿ ಬಾರಿಸಿಬಿಟ್ಟ.

ಅಂದು ಯಜಮಾನರು ಅರೆಬೆಂದ ಬೇಳೆ ಉಂಡರು. ನಗಾರಿಯ ಮಾತನ್ನು ಮೀರುವಂತಿಲ್ಲ. ಸಭೆಯಲ್ಲಿ ಹಾಗೆಂದವರು ಅವರೇ. ಮರುದಿನವೂ ಅಜ್ಜ ನೆರಳು ಪಾದ ಸೇರುತ್ತಲೇ ಬಾರಿಸಿದ. ಅಡುಗೆಯವನು ಒಲೆ ಬೇಗ ಹೊತ್ತಿಸಲು ಕಲಿತ. ಹುಣ್ಣಿಮೆಗೆ ಮುನ್ನ ದ್ಯಾಮಿ ಗುಡ್ಡ ಹತ್ತಿ ಇಳಿದು, ದನಗಳಿಗಿಂತ ಮೊದಲೇ ಊರು ಸೇರಿದಳು. ಅವಳ ಮಡಿಲಿನಲ್ಲಿ ಒಂದಲ್ಲ, ನಾಲ್ಕು ಶಂಖದ ಕಲ್ಲುಗಳಿದ್ದವು. ಅಜ್ಜಿ ಅವನ್ನು ಮುಟ್ಟಿ ಮುಟ್ಟಿ ನೋಡಿ ಅತ್ತಳು.

ಆ ಹುಣ್ಣಿಮೆಗೆ ಜಗಲಿ ತುಂಬಿ ಮೆಟ್ಟಿಲಿಗೂ ಇಳಿಯಿತು. ಶಿಕ್ಷೆಯಿಂದ ಮಕ್ಕಳ ಸೋಮಾರಿತನ ಬಿಟ್ಟಿತೆಂದು ಹಿರಿಯರು ಹಿಗ್ಗಿದರು. ಇಷ್ಟು ಒಳ್ಳೆಯ ಶಿಕ್ಷೆಯನ್ನು ನಿಲ್ಲಿಸಬಾರದು, ದಿನಕ್ಕೊಂದು ಮಗು ಚೌಕದಲ್ಲಿ ನಿಲ್ಲಬೇಕು ಎಂದು ಅಪ್ಪಣೆಯಾಯಿತು. ಮಕ್ಕಳು ಪಾಳಿಗಾಗಿ ಜಗಳವಾಡಿದರು. ನಿಂತವರು ಯಾವ ತಿಂಗಳಿನಲ್ಲಿ ನೆರಳು ಸುಣ್ಣದ ಗೆರೆ ಮುಟ್ಟುತ್ತದೆ, ಯಾವ ತಿಂಗಳಿನಲ್ಲಿ ಮುಟ್ಟುವುದಿಲ್ಲ ಎಂದು ಗೋಡೆಯ ಮೇಲೆ ಬರೆದಿಟ್ಟರು.

ಸುಗ್ಗಿಯ ರಜೆ ಬಂದಾಗ ಮಕ್ಕಳೆಲ್ಲ ಬೆಳಗಾಗುವ ಮೊದಲೇ ಬುತ್ತಿ ಕಟ್ಟಿಕೊಂಡು ಗುಡ್ಡದಾಚೆಗೆ ಹೋದರು. ಚೌಕ ಬರಿದಾಗಿತ್ತು. ಅಜ್ಜ ಬುರುಜಿನ ಮೇಲೆ ಕೋಲು ಹಿಡಿದು ಕೆಳಗೆ ನೋಡುತ್ತ ಕೂತ. ಅಡುಗೆಯವನು ನಗಾರಿಗೆ ಕಿವಿಗೊಟ್ಟು ಸೌಟು ಹಿಡಿದು ನಿಂತ. ಯಜಮಾನರು ಬರಿಯ ಎಲೆಯ ಮುಂದೆ ಬಹಳ ಹೊತ್ತು ಕೂತರು. ಕೊನೆಗೆ ಹಸಿವು ತಡೆಯದೆ ಎದ್ದು, ಯಾರೂ ನೋಡುತ್ತಿಲ್ಲವೆಂದುಕೊಂಡು ಚೌಕದ ನಡುವೆ ಹೋಗಿ, ರುಮಾಲು ತೆಗೆದು ನೆಟ್ಟಗೆ ನಿಂತರು.

ಬಳೆಗಾರ ಅಂಗಡಿಯಿಂದ ಹೊರಗೆ ಬಂದು ಗೆರೆ ನೋಡಿದ.

"ಇನ್ನೂ ಒಂದ ಚೂರು ಐತ್ರಿ," ಎಂದ. "ಅಲುಗಾಡಬ್ಯಾಡ್ರಿ."

ಯಜಮಾನರು ಅಲುಗಾಡಲಿಲ್ಲ.