ಹನಿಯೂ ನಿಲ್ಲದ ಹಿತ್ತಲು

ನನ್ನ ಗಂಡ ಎಮಿಲ್ ಕಾಂಕ್ರೀಟ್ ಕೆಲಸದವನು. ಪೆನ್ಸಿಲ್ವೇನಿಯಾದ ನಮ್ಮ ಈ ಗುಡ್ಡದ ಊರಿನಲ್ಲಿ ಅವನು ಹಾಸಿದ ಕಾಲುದಾರಿಯನ್ನೋ ಮೆಟ್ಟಿಲನ್ನೋ ತುಳಿಯದೆ ಯಾರೂ ಅಂಗಡಿಗೆ ಹೋಗಿಬರಲಾರರು. ಮದುವೆಯಾದ ವರ್ಷ ಬೇಸಿಗೆಯಲ್ಲಿ ಅವನು ನಮ್ಮ ಹಿತ್ತಲಿಗೆ ಪೂರ್ತಿಯಾಗಿ ಕಾಂಕ್ರೀಟ್ ಹಾಕಿದ. ಅದು ನನಗೆ ಅವನು ಕೊಟ್ಟ ಉಡುಗೊರೆ. ಹುಲ್ಲು ಕತ್ತರಿಸುವ ಗೋಜಿಲ್ಲ, ಕೆಸರು ಮನೆಯೊಳಗೆ ಬರುವುದಿಲ್ಲ ಎಂದ. ಗೋಡೆಯಿಂದ ಬೇಲಿಯವರೆಗೆ ಒಂದು ಗೇಣು ಮಣ್ಣೂ ಉಳಿಯಲಿಲ್ಲ. ಪಿಯೋನಿ ಹೂವಿನ ಗಿಡಕ್ಕೆ ಸ್ವಲ್ಪ ಜಾಗ ಬಿಡಬಹುದಿತ್ತು ಎಂದು ನಾನು ಒಮ್ಮೆ ಅಂದೆ. ಅವನು ಕೇಳಿಸಿಕೊಂಡ. ಮುಂದಿನ ವಾರ ಎರಡು ಹೂಕುಂಡ ಮಾಡಿ ತಂದಿಟ್ಟ. ಅವೂ ಕಾಂಕ್ರೀಟಿನವೇ.

ಅವನಿಗೆ ಆ ನೆಲದ ಇಳಿಜಾರಿನ ಬಗ್ಗೆ ಬಹಳ ಹೆಮ್ಮೆ. ಮನೆಗೆ ನೆಂಟರು ಬಂದರೆ ಊಟವಾದ ಮೇಲೆ ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದು ಒಂದು ಬಕೆಟ್ ನೀರು ಸುರಿಯುತ್ತಿದ್ದ. ನೀರು ಎಲ್ಲೂ ತಡೆಯದೆ, ಹರಡದೆ, ಹೇಳಿಕೊಟ್ಟ ಹಾಗೆ ಹರಿದು ಬೇಲಿಯ ಕೆಳಗೆ ಮಾಯವಾಗುತ್ತಿತ್ತು. "ಒಂದು ಹನಿ ನಿಂತ್ರೆ ತೋರ್ಸಿ ನೋಡೋಣ" ಎನ್ನುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಪಕ್ಕದ ಮನೆಯಲ್ಲೇ ಇರುವ ಅವನ ಅಕ್ಕ ಪೌಲೀನ್ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದಳು. ಆಮೇಲೆ ಕಾಫಿಗೂ ಕಾಯದೆ ಎಲ್ಲರಿಗಿಂತ ಮೊದಲು ಎದ್ದು ಮನೆಗೆ ಹೋಗುತ್ತಿದ್ದಳು. ಅದು ಅವಳ ಸ್ವಭಾವ ಎಂದುಕೊಂಡಿದ್ದೆ.

ಎಮಿಲ್ ತೀರಿಹೋದ ಮೇಲೆ ಆ ನೆಲವನ್ನು ನೋಡಿಕೊಳ್ಳುವ ಜವಾಬ್ದಾರಿಯನ್ನು ಪೌಲೀನ್ ತಾನೇ ವಹಿಸಿಕೊಂಡಳು. ತಾಯಿಯಿಲ್ಲದ ತಮ್ಮನನ್ನು ಸಾಕಿ ಬೆಳೆಸಿದವಳು ಅವಳು, ಮದುವೆಯಾಗಲಿಲ್ಲ. ಪ್ರತಿ ಶನಿವಾರ ಬೇಲಿಯ ಗೇಟು ತೆರೆದುಕೊಂಡು ಪೊರಕೆಯೊಡನೆ ಬರುತ್ತಾಳೆ, ಗುಡಿಸುತ್ತಾಳೆ, ಎರಡು ಮಡಿಚುವ ಕುರ್ಚಿಗಳನ್ನು ಹಾಕುತ್ತಾಳೆ. ನಾವಿಬ್ಬರೂ ಕೂತು ನೆಲವನ್ನು ನೋಡುತ್ತೇವೆ.

"ಎಮಿಲ್‌ನ ಕೈಕೆಲಸ," ಎನ್ನುತ್ತಾಳೆ.

"ಹೌದು," ಎನ್ನುತ್ತೇನೆ.

ಹೋದ ಬೇಸಿಗೆಯಲ್ಲಿ ಬಾಗಿಲ ಹತ್ತಿರ ಒಂದು ಬಿರುಕು ಬಿಟ್ಟು ಅದರೊಳಗಿಂದ ಡ್ಯಾಂಡೆಲಿಯನ್ ಎಂಬ ಹಳದಿ ಹೂವಿನ ಗಿಡವೊಂದು ತಲೆ ಹೊರಗೆ ಹಾಕಿತು. ಯಾರ ಹಿತ್ತಲಲ್ಲೂ ಬೇಡದ ಕಳೆ. ನಾನು ಅಕ್ಕಿ ತೊಳೆದ ನೀರನ್ನು ಅದಕ್ಕೆ ಹಾಕತೊಡಗಿದೆ. ಬೆಳಿಗ್ಗೆ ಕಾಫಿ ಹಿಡಿದು ಬಾಗಿಲಲ್ಲಿ ನಿಲ್ಲಲು ಒಂದು ನೆಪ ಸಿಕ್ಕಿತ್ತು. ಹೂ ಬಿಟ್ಟ ಶನಿವಾರ ಪೌಲೀನ್ ಅದನ್ನು ಬೇರು ಸಮೇತ ಕಿತ್ತಳು. "ನೋಡೇ, ನಿನ್ನ ಕಣ್ಣಿಗೆ ಬಿದ್ದೇ ಇರ್ಲಿಲ್ಲ," ಎಂದಳು. ನಾನು ಅವಳಿಗೆ ಥ್ಯಾಂಕ್ಸ್ ಹೇಳಿದೆ.

ನಾನು ಯಾಕೆ ಬಾಯಿ ಬಿಡಲಿಲ್ಲ ಎಂದು ಬೇರೆ ಕಡೆಯವರು ಕೇಳಬಹುದು. ನಮ್ಮವರು ಯಾರೂ ಕೇಳುವುದಿಲ್ಲ. ನಮ್ಮ ಅಜ್ಜಂದಿರು ಉಕ್ಕಿನ ಮಿಲ್ಲಿಗೆ ಕೂಲಿಗೆ ಬಂದವರು. ಬರುವಾಗ ಪೂರ್ವ ಯೂರೋಪಿನ ಕಾರ್ಪೇಥಿಯನ್ ಬೆಟ್ಟಗಳಿಂದ ತಂದದ್ದರಲ್ಲಿ ಇನ್ನೂ ಸವೆಯದೆ ಉಳಿದಿರುವುದು ಎಂದರೆ ಪಿರೋಹಿ ಎಂಬ ಕಡುಬು ಮಾಡುವ ಬಗೆ, ಮತ್ತು "ನನಗೆ ಬೇಕು" ಎಂದು ಹೇಳದಿರುವ ಬಗೆ. ಏನಾದರೂ ಕೊಟ್ಟರೆ ಎರಡು ಸಲ ಬೇಡ ಎನ್ನಬೇಕು, ಮೂರನೆಯ ಸಲ ಕೊಡುವವರ ಒತ್ತಾಯಕ್ಕೆ ತೆಗೆದುಕೊಳ್ಳಬೇಕು. ಹೊಸ ಒಲೆ ಬಂದಿದ್ದರೆ ಹಳೆಯದು ಕೆಟ್ಟಿತ್ತು. ಪಾತ್ರೆ ತೊಳೆಯುವ ಯಂತ್ರ ಬಂದಿದ್ದರೆ ಮಣಿಕಟ್ಟು ನೋಡಿದ ಡಾಕ್ಟರು ಹೇಳಿದ್ದರು. ಸ್ವಂತ ಆಸೆಗೆಂದು ಏನನ್ನಾದರೂ ಕೊಂಡ ಹೆಂಗಸನ್ನು ನಾನು ನಮ್ಮ ಚರ್ಚಿನಲ್ಲಿ ಕಂಡಿಲ್ಲ. ಎಲ್ಲರ ಮನೆಯೂ ಸಾಮಾನಿನಿಂದ ತುಂಬಿದೆ.

ಹಾಗಾಗಿ ನಗರಸಭೆಯವರು ಮಳೆನೀರಿನ ಶುಲ್ಕ ಹಾಕಿದಾಗ ಊರೆಲ್ಲ ಬೈಯಿತು, ನನಗೆ ಮಾತ್ರ ಬಾಗಿಲು ತೆರೆದಂತಾಯಿತು. ಚಾವಣಿಯ ಮೇಲೆ, ಹಾಸಿದ ನೆಲದ ಮೇಲೆ ಬಿದ್ದ ಮಳೆ ಇಂಗದೆ ಚರಂಡಿಗೆ ಹೋಗುತ್ತದಲ್ಲ, ಅದಕ್ಕೆ ಶುಲ್ಕ. ಬಿಲ್ಲಿನ ಜೊತೆ ಒಂದು ಬಣ್ಣದ ಚೀಟಿಯೂ ಇತ್ತು: ಕಾಂಕ್ರೀಟು ಒಡೆಸಿ ನೀರು ಇಂಗುವ ತೋಟ ಮಾಡಿಕೊಂಡವರಿಗೆ ಶುಲ್ಕದಲ್ಲಿ ರಿಯಾಯಿತಿ. ಮೇಲೆ ಒಂದು ಚಿತ್ರ. ಹುಲ್ಲಿನ ಟೋಪಿ ಹಾಕಿಕೊಂಡ, ನನ್ನದೇ ವಯಸ್ಸಿನ ಹೆಂಗಸು ಗಿಡಗಳ ನಡುವೆ ಮಂಡಿಯೂರಿದ್ದಾಳೆ. ಮೊಣಕಾಲಿಗೆ ಮಣ್ಣು ಮೆತ್ತಿದೆ. ಆ ಮೊಣಕಾಲುಗಳನ್ನು ನಾನು ಬಹಳ ಹೊತ್ತು ನೋಡಿದೆ.

ಈಸ್ಟರಿನ ಮುಂಚಿನ ಉಪವಾಸದ ವಾರಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ನಾವೆಲ್ಲ ಸೇರಿ ಮಾರುವುದಕ್ಕೆ ಪಿರೋಹಿ ಮಾಡುತ್ತೇವೆ. ಹಿಟ್ಟಿನ ಬಿಲ್ಲೆಯೊಳಗೆ ಆಲೂಗಡ್ಡೆ ಇಟ್ಟು ಅಂಚನ್ನು ಚಿವುಟಿ ಮುಚ್ಚಬೇಕು. ಮೇಜಿನ ಯಜಮಾನಿ ಟಿಲ್ಲಿ. ಚಿವುಟಿದ್ದು ಸರಿಯಿಲ್ಲದಿದ್ದರೆ ಬಿಚ್ಚಿಸುತ್ತಾಳೆ.

"ಮಳೆಗೂ ದುಡ್ಡಂತೆ ಕಣ್ರೇ!" ಎಂದಳು ಟಿಲ್ಲಿ. "ನಾಳೆ ಬಿಸಿಲಿಗೂ ಮೀಟರ್ ಕೂರಿಸ್ತಾರೆ ನೋಡ್ತಿರಿ."

"ಮೊದ್ಲು ನಿನ್ನ ಬಾಯಿಗೆ ಕೂರಿಸ್ಲಿ, ಊರಿನ ಸಾಲವೆಲ್ಲ ತೀರುತ್ತೆ," ಎಂದು ಮೇಜಿನ ತುದಿಯಿಂದ ಯಾರೋ ಅಂದರು.

ನಗು ಅಡಗಲಿ ಎಂದು ಕಾದೆ. ಆಮೇಲೆ ಹಿಟ್ಟಿನ ಕಡೆ ನೋಡುತ್ತಲೇ ಹೇಳಿದೆ: "ನಮ್ಮ ಹಿತ್ತಲಿನ ಕಾಂಕ್ರೀಟು ಒಡೆಸ್ಬೇಕಂತೆ. ಸಿಟಿಯವ್ರು ಬಿಡೋ ಹಾಗಿಲ್ಲ, ನೋಡೋಕೆ ಒಬ್ರನ್ನ ಕಳಿಸ್ತಾರಂತೆ."

"ಅಯ್ಯೋ ಇರೀನ್! ಎಮಿಲ್ ಹಾಕಿದ್ದಾ?"

"ಏನ್ಮಾಡೋದು. ನನ್ನ ಕೈಯಲ್ಲೇನಿದೆ."

ಎಲ್ಲರೂ ನನಗಾಗಿ ಮರುಗಿದರು. ಟಿಲ್ಲಿ ನನ್ನ ವಾರೆಯಾದ ಪಿರೋಹಿಗಳನ್ನು ಬಿಚ್ಚಿಸದೆ ಬಿಟ್ಟಳು. ಎದುರಿಗೆ ಕೂತಿದ್ದ ಪೌಲೀನ್ ಮಾತ್ರ ತಲೆಯೆತ್ತಲಿಲ್ಲ. ಕೈಯಲ್ಲಿದ್ದದ್ದನ್ನು ಚಿವುಟಿದಳು, ಮತ್ತೊಮ್ಮೆ ಚಿವುಟಿದಳು, ಒಳಗಿನ ಆಲೂಗಡ್ಡೆ ಹೊರಗೆ ಬಂತು.

"ಆ ಸಿಟಿಯವ್ನು ಯಾವತ್ತು ಬರ್ತಾನೆ?" ಎಂದಳು. "ನಾನೂ ಇರ್ತೀನಿ. ನೀನು ಎಲ್ಲದಕ್ಕೂ ತಲೆಯಾಡಿಸೋಳು."

ಆ ವಾರವೆಲ್ಲ ನಾನು ಹಿತ್ತಲಲ್ಲಿ ಓಡಾಡಿದೆ. ಇಲ್ಲಿ ಪಿಯೋನಿ, ಅಲ್ಲಿ ಒಂದು ಮರ ಎಂದು ಚಪ್ಪಲಿಯ ತುದಿಯಿಂದ ಗುರುತು ಮಾಡಿದೆ. ಕಾಂಕ್ರೀಟಿನ ಮೇಲೆ ಗುರುತು ಉಳಿಯುವುದಿಲ್ಲ. ಎಮಿಲ್ ಒಳ್ಳೆಯ ಗಂಡ. ಕುಡಿಯಲಿಲ್ಲ, ಕೈಯೆತ್ತಲಿಲ್ಲ. ಮಣ್ಣು ಕೇಳಿದೆ, ಸಿಗಲಿಲ್ಲ, ಅಷ್ಟೆ. ಇಷ್ಟು ಸಣ್ಣ ಆಸೆಯನ್ನು ದುಃಖ ಎಂದು ಕರೆಯಲು ನನಗೆ ಸಂಕೋಚ. ಆದರೆ ಸಣ್ಣದಾದ್ದರಿಂದಲೇ ಅದು ಒಳಗೆ ಹೇಗೋ ಇಷ್ಟು ವರ್ಷ ಹಿಡಿಸಿತು. ದೊಡ್ಡದಾಗಿದ್ದರೆ ಎಂದೋ ಹೊರಗೆ ಹಾಕಿರುತ್ತಿದ್ದೆ.

ನಗರಸಭೆಯವನು ಬಂದದ್ದು ಬುಧವಾರ. ಲಾಮಾಂಟ್ ಎಂದು ಹೆಸರು, ಐವತ್ತು ದಾಟಿದವನು, ಮೆಟ್ಟಿಲು ಇಳಿಯುವಾಗ ಮೊಣಕಾಲು ಹಿಡಿದುಕೊಂಡ. ಪೌಲೀನ್ ಕೋರ್ಟಿಗೆ ಹೊರಟವಳಂತೆ ಕೋಟು, ಲಿಪ್‌ಸ್ಟಿಕ್ ಹಾಕಿಕೊಂಡು ಆಗಲೇ ಕುರ್ಚಿಯಲ್ಲಿ ಕೂತಿದ್ದಳು.

"ಇದನ್ನ ಒಡೀಬೇಕು ಅಂತ ಯಾರಪ್ಪಾ ಹೇಳಿದ್ದು?" ಎಂದಳು, ಅವನು ಇನ್ನೂ ನಮಸ್ಕಾರವನ್ನೂ ಹೇಳದಿರುವಾಗ.

ಲಾಮಾಂಟ್ ಚೀಟಿಯನ್ನು ತಿರುಗಿಸಿ ನೋಡಿದ. "ಯಾರೂ ಹೇಳಿಲ್ವಲ್ಲಮ್ಮ. ಇದು ಅಂಗಡಿ, ಚರ್ಚು, ದೊಡ್ಡ ಪಾರ್ಕಿಂಗ್ ಇರೋರಿಗೆ. ನಮ್ಮೋರು ತಪ್ಪಾಗಿ ಮನೆಮನೆಗೂ ಕಳಿಸ್ಬಿಟ್ಟಿದಾರೆ. ಮನೆಗಳಿಗೆಲ್ಲಾ ಒಂದೇ ದರ. ಕಾಂಕ್ರೀಟ್ ಇರ್ಲಿ, ಕಾಡಿರ್ಲಿ, ಅಷ್ಟೇ ಬರುತ್ತೆ. ಚಾವಣಿ ಪೈಪಿನ ಕೆಳಗೆ ಒಂದು ಪೀಪಾಯಿ ಇಟ್ಕೊಂಡ್ರೆ ಚೂರು ರಿಯಾಯಿತಿ ಕೊಡ್ತೀವಿ."

"ಹಾಗಾದ್ರೆ ಒಡೆಯೋದು ಬೇಡ?"

"ಬೇಡವೇ ಬೇಡ."

"ಕೇಳಿಸ್ತೇನೇ ಇರೀನ್?" ಪೌಲೀನ್‌ಳ ಮುಖ ಅರಳಿತು. "ಸುಮ್ನೆ ಹೆದರಿಸ್ಕೊಂಡ್ಬಿಟ್ಟಿದ್ದೆ ನೀನು. ಒಳಗೆ ವಾಲ್‌ನಟ್ ರೋಲ್ ಇದೆಯಲ್ಲ, ಪಾಪ ಇವ್ರಿಗೆ ಕೊಡು."

ನಾನು ಒಳಗೆ ಹೋಗಿ ಆ ಅಕ್ರೋಟು ತುಂಬಿದ ಸಿಹಿ ಬ್ರೆಡ್ಡನ್ನು ಕತ್ತರಿಸಿದೆ. ಚಾಕು ಚೆನ್ನಾಗಿಯೇ ಕತ್ತರಿಸುತ್ತಿತ್ತು. ಆದರೂ ನಿಧಾನವಾಗಿ ಕತ್ತರಿಸಿದೆ. ನನಗೆ ತೆರೆದಿದ್ದ ಬಾಗಿಲು ಮುಚ್ಚಿತ್ತು, ಮತ್ತು ಮುಚ್ಚಿದವರು ಬಹಳ ಮರ್ಯಾದೆಯಿಂದ ಮುಚ್ಚಿದ್ದರು. ಬರುವ ಶನಿವಾರ ಪೌಲೀನ್ ಪೊರಕೆ ತರುತ್ತಾಳೆ. ನಾವು ಕೂತು ನೋಡುತ್ತೇವೆ.

ಹೊರಗೆ ಬಂದಾಗ ಲಾಮಾಂಟ್ ಬಕೆಟ್ ಹಿಡಿದಿದ್ದ. "ಪೀಪಾಯಿ ತುಂಬಿ ಚೆಲ್ಲಿದ್ರೆ ನೀರು ಯಾವ ಕಡೆ ಹೋಗುತ್ತೆ ಅಂತ ಬರ್ಕೋಬೇಕು," ಎಂದು ಎಮಿಲ್ ಸುರಿಯುತ್ತಿದ್ದ ಜಾಗದಲ್ಲೇ ಸುರಿದ. ನೀರು ಎಲ್ಲೂ ತಡೆಯದೆ ಹರಿಯಿತು, ಬೇಲಿಯ ಕೆಳಗೆ ಹೋಯಿತು. ನಾನು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಲು ಕೈಯೆತ್ತಿದ್ದೆ. ಲಾಮಾಂಟ್ ಚಪ್ಪಾಳೆ ತಟ್ಟಲಿಲ್ಲ. ಬೇಲಿಯವರೆಗೆ ಕುಂಟುತ್ತಾ ನಡೆದು ಆಚೆ ಬಗ್ಗಿ ನೋಡಿದ.

"ಇದು ನೇರವಾಗಿ ಆ ಮನೆ ಗೋಡೆಗೆ ಹೋಗ್ತಿದೆ. ಯಾರ ಮನೆ ಅದು?"

"ನಂದು," ಎಂದಳು ಪೌಲೀನ್.

"ಮಳೆ ಬಂದಾಗ ನಿಮ್ಮ ನೆಲಮಾಳಿಗೆಗೆ ನೀರು ಬರುತ್ತಾ ಅಮ್ಮ?"

"ಇಲ್ಲ."

ನನಗೆ ಅವಳ ನೆಲಮಾಳಿಗೆ ಕಣ್ಣಿಗೆ ಕಟ್ಟಿತು. ಬಟ್ಟೆ ಒಗೆಯುವ ಯಂತ್ರ ಇಟ್ಟಿಗೆಗಳ ಮೇಲೆ. ಫ್ರೀಜರು ಇಟ್ಟಿಗೆಗಳ ಮೇಲೆ. ಕ್ರಿಸ್‌ಮಸ್ ಸಾಮಾನಿನ ಪೆಟ್ಟಿಗೆ ಇಟ್ಟಿಗೆಗಳ ಮೇಲೆ. ಅಚ್ಚುಕಟ್ಟಿನ ಹೆಂಗಸು ಎಂದು ನಾನು ಮೆಚ್ಚಿಕೊಂಡಿದ್ದೆ. ಮತ್ತೆ ಚಪ್ಪಾಳೆಯ ಸದ್ದು ಕೇಳಿಸಿತು, ಕಾಫಿಗೆ ಮುಂಚೆ ಎದ್ದು ಹೋಗುತ್ತಿದ್ದ ಅವಳ ಬೆನ್ನು ಕಾಣಿಸಿತು. ಅವಳು ನೀರು ಒರೆಸಲು ಹೋಗುತ್ತಿದ್ದಳು.

"ನೋಡಿ," ಎಂದ ಲಾಮಾಂಟ್ ಪೆನ್ನು ತೆಗೆದು, "ಪಕ್ಕದ ಮನೆಯವ್ರು ಒಂದು ದೂರು ಕೊಟ್ರೆ ಮಾತ್ರ ಒಡೆಸೋಕೆ ನಾವೇ ನೋಟಿಸ್ ಕೊಡ್ಬೇಕಾಗುತ್ತೆ. ದೂರು ಇದೆಯಾ?"

ಪೌಲೀನ್ ಕೋಟಿನ ಗುಂಡಿಯನ್ನು ಕುತ್ತಿಗೆಯವರೆಗೆ ಹಾಕಿಕೊಂಡಳು. "ನನ್ನ ತಮ್ಮನ ಮೇಲೆ ನಾನು ದೂರು ಕೊಡ್ಲಾ? ಅವ್ನ ಇಳಿಜಾರಲ್ಲಿ ಯಾರೂ ಹುಳುಕು ಹುಡುಕೋ ಹಾಗಿಲ್ಲ."

ನನಗೆ ಬೇಕಾಗಿದ್ದ ನೆಪ ಬೇಲಿಯ ಮೇಲೆ ಒಣಹಾಕಿದ ಬಟ್ಟೆಯಂತೆ ಎದುರಿಗೇ ಇತ್ತು. ಪಾಪ ಪೌಲೀನ್‌ಳ ನೆಲಮಾಳಿಗೆಗೋಸ್ಕರ ಎಂದರೆ ಸಾಕು, ಟಿಲ್ಲಿಯೂ ಒಪ್ಪುತ್ತಾಳೆ. ಆದರೆ ಅದನ್ನು ಎಳೆದುಕೊಳ್ಳಬೇಕಾದರೆ ಅವಳು ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಈ ಹೊರಗಿನವನ ಮುಂದೆ ಬಿಚ್ಚಬೇಕಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ನನಗೆ ಇಟ್ಟಿಗೆಗಳ ವಿಷಯ ಹೊಳೆದಿದೆ ಎಂದು ಅವಳಿಗೂ ಗೊತ್ತಾಗಿತ್ತು.

"ದೂರು ಬೇಡ," ಎಂದೆ. "ಹಾಗೇ ಒಡೆಸ್ತೀನಿ."

"ಯಾಕೆ?" ಎಂದರು ಇಬ್ಬರೂ.

"ನನಗೆ ಮಣ್ಣು ಬೇಕು," ಎಂದೆ. ಸಾಲದು ಅನ್ನಿಸಿ, "ಮೊದಲಿಂದ್ಲೂ ಬೇಕಾಗಿತ್ತು," ಎಂದೂ ಸೇರಿಸಿದೆ.

ಲಾಮಾಂಟ್ ಚೀಟಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದ. "ಅದಕ್ಕೆ ನಮ್ಮಲ್ಲಿ ರಿಯಾಯಿತಿ ಇಲ್ಲಮ್ಮ," ಎಂದ.

"ಗೊತ್ತಾಯ್ತು."

ಅವನು ಪೆನ್ನು ಒಳಗಿಟ್ಟು ವಾಲ್‌ನಟ್ ರೋಲಿನ ಎರಡನೆಯ ಚೂರನ್ನು ತೆಗೆದುಕೊಂಡ. ಒಂದು ಸಲವೂ ಬೇಡ ಎನ್ನಲಿಲ್ಲ. ಪೌಲೀನ್ ಕುರ್ಚಿ ಮಡಿಚಿ ಗೋಡೆಗೆ ಒರಗಿಸಿ, ಗೇಟು ದಾಟಿ ಮನೆಗೆ ಹೋದಳು. ಗೇಟನ್ನು ದಢಾರನೆ ಮುಚ್ಚಲಿಲ್ಲ. ದಢಾರನೆ ಮುಚ್ಚಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಶನಿವಾರ ಅವಳು ಬರಲಿಲ್ಲ. ಮರು ಶನಿವಾರವೂ. ಪಿರೋಹಿಯ ಮೇಜಿನಲ್ಲಿ ನಾನು ನಿಜ ಹೇಳಿದೆ. ಸಿಟಿಯವರು ಹೇಳಿದ್ದಲ್ಲ, ನನಗೇ ಬೇಕಾಗಿದೆ ಎಂದೆ. ಟಿಲ್ಲಿ ನನ್ನ ಎಲ್ಲ ಪಿರೋಹಿಗಳನ್ನೂ ಬಿಚ್ಚಿಸಿದಳು.

ಈಸ್ಟರ್ ಕಳೆದ ಮೇಲೆ ಒಡೆಯುವವರು ಬಂದರು. ಯಂತ್ರದ ಮೊದಲ ಏಟಿಗೆ ಅಡುಗೆಮನೆಯ ಕಪ್ಪುಗಳೆಲ್ಲ ಗಡಗಡ ಅದುರಿದವು. ಎಮಿಲ್ ಒಳ್ಳೆಯ ಕೆಲಸಗಾರ, ಅಷ್ಟು ಸುಲಭಕ್ಕೆ ಬಿಡಲಿಲ್ಲ. "ಯಾರ್ರೀ ಇದನ್ನ ಹಾಕಿದ್ದು?" ಎಂದು ಅವರು ಬೆವರು ಒರೆಸಿಕೊಂಡು ಕೇಳಿದಾಗ ನನಗೆ ಹೆಮ್ಮೆಯೇ ಆಯಿತು. ಆಗ ಬೇಲಿಯ ಆಚೆ ಪೌಲೀನ್ ಕಾಣಿಸಿದಳು, ಎದೆಯ ಮೇಲೆ ಕೈಕಟ್ಟಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಇರೀನ್," ಎಂದು ಕೂಗಿದಳು ಸದ್ದಿನ ಮಧ್ಯೆ. "ಬೇಲಿ ಕಡೆಯಿಂದ ಶುರು ಮಾಡೋಕೆ ಹೇಳೇ ಅವ್ರಿಗೆ. ವಾರದ ಕೊನೇಗೆ ಮಳೆ ಅಂತೆ."

ಬೇಲಿಯ ಕಡೆಯಿಂದ ಶುರು ಮಾಡಿದರು. ಸಂಜೆಯ ಹೊತ್ತಿಗೆ ಅಲ್ಲಿ ಕಪ್ಪು ಒದ್ದೆ ಮಣ್ಣು ಬಿದ್ದಿತ್ತು. ಅದು ಅಂಥ ಸುಂದರವೇನೂ ಅಲ್ಲ. ಹಳೇ ನೆಲಮಾಳಿಗೆಯ ವಾಸನೆ ಬರುತ್ತಿತ್ತು. ನಾನು ಮಂಡಿಯೂರಿದೆ, ಏಳಲು ಬೇಲಿ ಹಿಡಿಯಬೇಕಾಯಿತು.

ಮಳೆ ಶುಕ್ರವಾರವೇ ಬಂತು, ದಿನವಿಡೀ ಬಂತು. ಶನಿವಾರ ಬೆಳಿಗ್ಗೆ ಗೇಟು ತೆರೆದ ಸದ್ದಾಯಿತು. ಪೌಲೀನ್‌ಳ ಕೈಯಲ್ಲಿ ಪೊರಕೆ ಇರಲಿಲ್ಲ. ಗುಡಿಸಲು ಏನೂ ಉಳಿದಿರಲಿಲ್ಲ. ಅವಳು ಕೆಸರಿನ ಅಂಚಿನಲ್ಲಿ ನಿಂತು ಮಣ್ಣನ್ನು ನೋಡಿದಳು, ನೀರು ಎಲ್ಲಿ ಹೋಯಿತು ಎಂದು ಹುಡುಕುವವಳಂತೆ.

"ಬಟ್ಟೆ ಒಗೆಯೋ ಮೆಷಿನ್ ಕೆಳಗಿಳಿಸ್ಬೇಕು," ಎಂದಳು. "ನನ್ನ ಒಬ್ಬಳ ಕೈಲಾಗಲ್ಲ. ಆಮೇಲೆ ಒಂದಿಷ್ಟು ಇಟ್ಟಿಗೆ ಮಿಗುತ್ತೆ. ನಿನ್ನ ಹೂವಿನ ಸುತ್ತ ಇಡೋಕೆ... ನಿನಗೆ ಬೇಡ ಅಂದ್ರೆ ಎಸೀತೀನಿ."

"ಬೇಕು," ಎಂದೆ.

ಅವಳು ಎರಡನೆಯ ಸಲ ಕೇಳಲು ಬಾಯಿ ತೆರೆದಿದ್ದಳು. ಹಾಗೇ ಮುಚ್ಚಿದಳು.

"ನಾಚಿಕೆ ಬಿಟ್ಟವ್ಳು," ಎಂದು, ನನಗಿಂತ ಮುಂದೆ ಗೇಟು ದಾಟಿ ತನ್ನ ನೆಲಮಾಳಿಗೆಯ ಮೆಟ್ಟಿಲು ಇಳಿದಳು.