ಮಾಮನ ಪರದೆಯ ಮೇಲೊಂದು ಗೆರೆ

೧

೨೦೧೯ರ ಮಾರ್ಚ್ ೬, ಬುಧವಾರ, ಮಧ್ಯಾಹ್ನ ೩ ಗಂಟೆ ೧೯ ನಿಮಿಷ.

ಕಥೆಯನ್ನು ಇಲ್ಲಿಂದ ಶುರು ಮಾಡಿದರೆ ಸರಿಯೇ? ನನಗೆ ಖಾತ್ರಿಯಿಲ್ಲ. ಮೊದಲ ಕರಡನ್ನು ಗದ್ವಾಲದ ಕೋಟೆ ಬಾಗಿಲಿನಿಂದ ಶುರು ಮಾಡಿದ್ದೆ. ಕೋಟೆಗೂ ಈ ಕಥೆಗೂ ಸಂಬಂಧವಿಲ್ಲ ಎಂಬುದು ಎರಡನೆಯ ಪುಟದಲ್ಲಿ ಗೊತ್ತಾಯಿತು. ಎರಡನೆಯ ಕರಡು ರೇಷ್ಮೆಯ ಬಣ್ಣಗಳ ಬಗ್ಗೆ ಇತ್ತು. ಚೆನ್ನಾಗಿಯೇ ಇತ್ತು, ಅದಕ್ಕೇ ಹರಿದೆ. ಮೂರನೆಯದರಲ್ಲಿ ಒಂದೇ ವಾಕ್ಯ ಉಳಿಯಿತು.

ಪದ್ಮಶ್ರೀಯ ಫೋನು ಬಡಿದುಕೊಂಡಿತು.

ಅವಳು ತೆಲಂಗಾಣದ ಮಕ್ತಲದಲ್ಲಿ, ಬಸ್‌ಸ್ಟ್ಯಾಂಡಿನ ಹಿಂದಿರುವ ತನ್ನ ಅಂಗಡಿಯಲ್ಲಿ, ನಾರಾಯಣಪೇಟೆಯ ಮಗ್ಗಗಳಿಗಾಗಿ ಕಾರ್ಡು ಹೊಡೆಯುತ್ತ ಕೂತಿದ್ದಳು. (ಕಾರ್ಡು ಎಂದರೆ ಉದ್ದನೆಯ ರಟ್ಟಿನ ಪಟ್ಟಿ. ಅದರಲ್ಲಿ ಎಲ್ಲಿ ತೂತಿದೆಯೋ ಅಲ್ಲಿ ಮಗ್ಗದ ಎಳೆ ಮೇಲೇಳುತ್ತದೆ, ಸೀರೆಯ ಅಂಚಿನಲ್ಲಿ ಹೂವು ಮೂಡುತ್ತದೆ.) ಫೋನು ಮಾಡಿದವನು ಅವಳ ಸೋದರಮಾವ ಮಾರ್ಕಂಡೇಯನ ಮಗ ಶೇಖರ್. ಮನೆ ಗದ್ವಾಲದಲ್ಲಿ, ಆದರೆ ಅವನು ಮಾತಾಡುತ್ತಿದ್ದದ್ದು ಕರ್ನೂಲಿನ ಒಂದು ಆಸ್ಪತ್ರೆಯಿಂದ.

"ಅಕ್ಕಾ, ಅಪ್ಪಗ ಲಕ್ವಾ ಹೊಡದೈತಿ. ಬಾಯಿ ಸೊಟ್ಟ ಆಗೈತಿ, ಬಲಗೈ ಎತ್ತಾಕ ಬರವಲ್ದು."

"ಯಾವಾಗೋ?"

"ಅದಽ ಗೊತ್ತಿಲ್ಲ. ಅವ್ವ ತೊಟ್ಟಿಲ ಕಾರ್ಯಕ್ಕ ಹೋಗಿದ್ಲು. ಒಂದೂವರಿಗೆ ಮನಿಗೆ ಬಂದು ನೋಡ್ತಾಳ, ಕಂಪ್ಯೂಟರ್ ಮುಂದ ಕುರ್ಚಿಯಿಂದ ಜಾರಿ ಬಿದ್ದಾನ. ಈಗ ಡಾಕ್ಟ್ರು ಒಂದಽ ಕೇಳಾಕತ್ತಾರ. ಕಡೀಕ ನೆಟ್ಟಗಿದ್ದಿದ್ದು ಯಾರು ನೋಡೀರಿ, ಎಷ್ಟು ಗಂಟೆಕ್ಕ? ನಾಕೂವರಿ ತಾಸಿನೊಳಗ ಆದ್ರ ಒಂದು ಇಂಜೆಕ್ಷನ್ ಐತಂತ, ಗಡ್ಡಿಗಟ್ಟಿದ ರಕ್ತ ಕರಗ್ತೈತಂತ. ದಾಟಿತ್ತಂದ್ರ ಕೊಡಂಗಿಲ್ಲಂತ, ಕೊಟ್ರ ತಲಿಯೊಳಗ ನರ ಒಡದು ರಕ್ತ ಸೋರ್ಬೋದಂತ. ಅಕ್ಕಾ, ನೀ ಮುಂಜಾನಿ ಅಪ್ಪನ ಸ್ಕ್ರೀನ್ ನೋಡಾಕತ್ತಿದ್ದಿ ಅಲ್ಲಾ?"

ನೋಡುತ್ತಿದ್ದಳು.

೨

(ಇಲ್ಲಿ ಸ್ವಲ್ಪ ನಿಲ್ಲಬೇಕು. ನಿಲ್ಲಬಾರದು ಎಂಬುದೂ ಗೊತ್ತು. ಆದರೆ ಮಕ್ತಲದಲ್ಲಿ ಕೂತವಳು ಗದ್ವಾಲದ ಪರದೆಯನ್ನು ಹೇಗೆ ನೋಡುತ್ತಿದ್ದಳು ಎಂದು ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯುವುದಿಲ್ಲ.)

ಪದ್ಮಶ್ರೀ ರಾಯಚೂರಿನಲ್ಲಿ ಬಿಎಸ್ಸಿ ಮಾಡಿದವಳು. ಮಾಮ ನಲವತ್ತು ವರ್ಷ ಗ್ರಾಫ್ ಹಾಳೆಯ ಮೇಲೆ ಸೀರೆಯ ಅಂಚು ಬರೆದವನು. ಕಣ್ಣು ಮಂಜಾದ ಮೇಲೆ ಅವಳೇ ಅವನಿಗೆ ಕಂಪ್ಯೂಟರ್ ಕೂಡಿಸಿಕೊಟ್ಟಳು. ಪರದೆಯ ಮೇಲೆ ಗ್ರಾಫಿನ ಮನೆಗಳು ಬೇಕಾದಷ್ಟು ದೊಡ್ಡದಾಗುತ್ತವೆ. ಅವನು ಅಲ್ಲಿ ಮನೆ ತುಂಬಿಸಿದ್ದನ್ನು ಅವಳು ಇಲ್ಲಿ ನೋಡಿ ಕಾರ್ಡು ಹೊಡೆಯಬೇಕು. ಅದಕ್ಕಾಗಿ ದಿನಾ ಬೆಳಿಗ್ಗೆ ತನ್ನ ಕಂಪ್ಯೂಟರಿಗೆ ಆಜ್ಞೆ ಬರೆಯುವ ಕಪ್ಪು ಕಿಟಕಿಯಲ್ಲಿ ಒಂದು ಸಾಲು ಟೈಪ್ ಮಾಡುತ್ತಾಳೆ:

vncviewer -ViewOnly mama:1

ಮೊದಲ ಪದ, ದೂರದ ಕಂಪ್ಯೂಟರಿನ ಪರದೆಯನ್ನು ಇಲ್ಲಿ ತೋರಿಸುವ ಪ್ರೋಗ್ರಾಮಿನ ಹೆಸರು. ಕೊನೆಯದು, ಮಾಮನ ಕಂಪ್ಯೂಟರಿಗೆ ಅವಳಿಟ್ಟ ಹೆಸರು. ನಡುವಿನದು ಒಂದು ಷರತ್ತು: ನೋಡು, ಮುಟ್ಟಬೇಡ. ಅದಿದ್ದರೆ ಅವಳ ಮೌಸ್, ಕೀಲಿಮಣೆ ಯಾವುದೂ ಗದ್ವಾಲಕ್ಕೆ ತಲುಪುವುದಿಲ್ಲ.

ಮೊದಲು ಆ ಷರತ್ತು ಇರಲಿಲ್ಲ. ಎರಡು ವರ್ಷದ ಹಿಂದೆ ಮಾಮ ಬರೆಯುತ್ತಿದ್ದಾಗ ಒಂದು ಮನೆ ತಪ್ಪಿದ್ದು ಕಂಡು, ಅವಳು ಇಲ್ಲಿಂದಲೇ ಬಾಣದ ಗುರುತನ್ನು ಸರಿಸಿ ಅಳಿಸಿದಳು. ಅಲ್ಲಿ ಮಾಮನ ಕಣ್ಣೆದುರಿಗೆ ಬಾಣ ತಾನೇ ನಡೆದಾಡಿತು. ಅವನು ಎದ್ದುಹೋದ. ಸಂಜೆ ಫೋನು ಮಾಡಿದ.

"ಮಗ್ಗದ ಮ್ಯಾಲ ಒಬ್ರು ಕುಂತಾಗ ಇನ್ನೊಬ್ರು ಬಂದು ಲಾಳಿ ಹಿಡೀತಾರೇನ ಪದ್ಮವ್ವಾ? ನಿಮ್ಮವ್ವ ಇಷ್ಟೂ ಕಲಿಸಿಲ್ಲೇನ?"

"ತಪ್ಪಾತು ಮಾಮ. ತಪ್ಪು ಮನಿ ಕಂಡಿತು, ಅದಕ್ಕ..."

"ಕಂಡ್ರ ಕಾಣಲಿ. ನೋಡಾಕ ಬ್ಯಾಡ ಅಂದೀನೇನ? ಕೈ ಇಡಬ್ಯಾಡ."

ಅಂದಿನಿಂದ ಷರತ್ತು ಬಂತು. ಅಷ್ಟೇ ಸಾಲದೆ, ಬಿಎಸ್ಸಿಯ ಅತಿ ಎಚ್ಚರದಲ್ಲಿ, ಮಾಮನ ಕಂಪ್ಯೂಟರಿನಲ್ಲಿದ್ದ ಮುಟ್ಟುವ ಪಾಸ್‌ವರ್ಡನ್ನೂ ಅಳಿಸಿ, ನೋಡುವುದನ್ನು ಮಾತ್ರ ಉಳಿಸಿದಳು. ಇನ್ನೊಂದು ಪದ್ಧತಿ ಅವರ ಮನೆಯಲ್ಲಿ ಮೊದಲಿನಿಂದಲೇ ಇತ್ತು. ಎಣಿಕೆಯಲ್ಲಿ ಕೂತವರನ್ನು ಯಾರೂ ಕರೆಯುವುದಿಲ್ಲ. ಕರೆದರೆ ಎಣಿಕೆ ಹೋಗುತ್ತದೆ, ಹೋದರೆ ಅರ್ಧ ದಿನದ ಕೆಲಸ ಬಿಚ್ಚಬೇಕು. ಮಾಮ ಬರೆಯಲು ಕೂತಾಗ ಫೋನು ಬಂದ್ ಮಾಡುತ್ತಿದ್ದ.

"ಸರ," ಎಂದಳು ಪದ್ಮಶ್ರೀ.

ನನಗೇ ಅಂದದ್ದು.

"ಸರ, ನೀವು ಇದನ್ನೆಲ್ಲ ಬರಕೋತ ಕುಂತ್ರಿ. ಮೂರು ಇಪ್ಪತ್ತೆರಡು ಆತ್ರಿ."

೪

(ಮೂರನೆಯ ಭಾಗದಲ್ಲಿ ನಾರಾಯಣಪೇಟೆ ಜಿಲ್ಲೆಯಾಗಿ ಅಂದಿಗೆ ಹದಿನೇಳು ದಿನ, ಕಚೇರಿಯ ಹೊಸ ಬೋರ್ಡಿನ ಬಣ್ಣ, ಹೊಸ ಅಂಚು ಬೇಕೆಂದು ಬಂದ ಆರ್ಡರು, ಇವೆಲ್ಲ ಇದ್ದವು. ತೆಗೆದಿದ್ದೇನೆ. ಒಂದು ನಿಮಿಷ ಉಳಿಯಿತು.)

ಅವಳ ಬಳಿ ಲೆಕ್ಕಕ್ಕೆ ಬರುವ ಎರಡು ಚಿತ್ರಗಳಿವೆ. ಮಾಮನ ಕೆಲಸ ಕರೆಂಟು ಹೋಗಿ ಅಳಿಯಬಾರದೆಂದು, ಆ ಪರದೆಯ ಚಿತ್ರವನ್ನು ಇಪ್ಪತ್ತು ನಿಮಿಷಕ್ಕೊಮ್ಮೆ ತಾನೇ ಉಳಿಸುವ ಒಂದು ಸಣ್ಣ ಪ್ರೋಗ್ರಾಮನ್ನು ಅವಳು ಬರೆದಿದ್ದಳು.

ಹತ್ತು ನಲವತ್ತರ ಚಿತ್ರ: ಒಂದು ಹೂವು, ಪೂರ್ತಿ, ಒಂದು ಮನೆಯೂ ತಪ್ಪದೆ. ಇದನ್ನು ಬರೆದ ಕೈ ನೆಟ್ಟಗಿತ್ತು. ಇದರಲ್ಲಿ ಯಾರಿಗೂ ಸಂಶಯವಿಲ್ಲ.

ಹನ್ನೊಂದರ ಚಿತ್ರ: ಅದೇ ಹೂವು. ಅದರ ಬಲಕ್ಕೆ, ಸ್ವಲ್ಪ ದೂರ ಬಿಟ್ಟು, ಒಂದು ಕಪ್ಪು ಗೆರೆ.

ಆ ಗೆರೆ ಹುಟ್ಟಿದ್ದನ್ನು ಪದ್ಮಶ್ರೀ ಕಣ್ಣಾರೆ ನೋಡಿದ್ದಳು. ಹನ್ನೊಂದಕ್ಕೆ ಒಂದೆರಡು ನಿಮಿಷ ಇತ್ತು, ಚಹಾದ ಲೋಟ ಎತ್ತಿಕೊಳ್ಳಲು ತಲೆಯೆತ್ತಿದಾಗ ಬಾಣ ಒಂದೇ ಎಳೆತಕ್ಕೆ ಬಲಕ್ಕೆ ಓಡಿ ನಿಂತಿತು. ಏನೋ ಹೊಸದು ಹಚ್ಚಿದ್ದಾನೆ ಮಾಮ, ಎಂದುಕೊಂಡು ನಕ್ಕಳು. ಹನ್ನೊಂದೂವರೆಗೆ ನೋಡಿದಾಗ ಬಾಣ ಅಲ್ಲೇ ಇತ್ತು. ಹನ್ನೆರಡಕ್ಕೂ ಅಲ್ಲೇ. ಮಾಮ ಎಣಿಸುತ್ತಿದ್ದಾನೆ, ಕರೆಯಬಾರದು. ಒಂದು ಗಂಟೆಗೂ ಅಲ್ಲೇ ಇತ್ತು.

ಅವಳು ಕರೆಯಲಿಲ್ಲ.

ಈಗ ಲೆಕ್ಕ. ಗೆರೆ ಕೈ ಜಾರಿದ್ದಾದರೆ ಲಕ್ವಾ ಹತ್ತು ನಲವತ್ತರ ನಂತರ ಯಾವ ಗಳಿಗೆಯಲ್ಲಿ ಹೊಡೆಯಿತೋ ಗೊತ್ತಿಲ್ಲ, ಡಾಕ್ಟರು ಕೊನೆಗೆ ನೆಟ್ಟಗಿದ್ದ ಹೊತ್ತಿನಿಂದಲೇ ಎಣಿಸುತ್ತಾರೆ. ಮಾಮ ಕೊನೆಗೆ ನೆಟ್ಟಗಿದ್ದದ್ದು ಹತ್ತು ನಲವತ್ತಕ್ಕೆ ಎಂದರೆ, ನಾಲ್ಕೂವರೆ ತಾಸು ಮೂರು ಹತ್ತಕ್ಕೇ ಮುಗಿದಿದೆ. ಇಂಜೆಕ್ಷನ್ ಇಲ್ಲ. ಬಲಗೈ, ಮಾತು ಎರಡೂ ಹೋಗಬಹುದು. ಆ ಗೆರೆಯನ್ನೂ ನೆಟ್ಟಗಿದ್ದ ಕೈಯೇ ಎಳೆದದ್ದು, ಅಂದರೆ ಹನ್ನೊಂದರ ತನಕ ಚೆನ್ನಾಗಿದ್ದ ಎಂದರೆ, ಮೂರೂವರೆಯವರೆಗೆ ಸಮಯವಿದೆ.

ಈಗ ಮೂರು ಇಪ್ಪತ್ಮೂರು.

"ಅಕ್ಕಾ, ಮಾತಾಡು. ಡಾಕ್ಟ್ರು ಬಾಜೂಕಽ ನಿಂತಾರ. ಸ್ಕ್ಯಾನ್ ಆಗೈತಿ, ಇಂಜೆಕ್ಷನ್ ತಯಾರೈತಿ. ಟೈಮ್ ಒಂದು ಹೇಳು."

ಹಿಂದೆ ಮಾಮನ ಹೆಂಡತಿ ಬುಚ್ಚಮ್ಮನ ದನಿ ಕೇಳುತ್ತಿತ್ತು: "ಪದ್ಮವ್ವ ನೋಡಿರ್ತಾಳ, ಆಕಿ ಎಲ್ಲಾ ನೋಡಿರ್ತಾಳ, ಆಕೀಗಿ ಕೇಳು."

೪ (ಇನ್ನೊಮ್ಮೆ)

"ಸರ, ಹನ್ನೊಂದು ಅಂತ ಬರೀರಿ."

"ತಾಳವ್ವ."

"ಏನ್ ತಾಳೋದ್ರಿ? ಬರಿಯೋರು ನೀವು. ಹನ್ನೊಂದು ಅನ್ನೋದು ಒಂದು ಶಬ್ದ. ಮೂರು ಅಕ್ಷರ ಬರಿಯಾಕ ನಿಮಗೇನು ಕೈ ನೋಯ್ತಾವೇನ್ರಿ?"

"ಬರೆಯಬಹುದು. ಬರೆದರೆ ಡಾಕ್ಟರು ಇಂಜೆಕ್ಷನ್ ಕೊಡುತ್ತಾರೆ. ಸಮಯ ನಿಜವಾಗಿ ದಾಟಿದ್ದರೆ ತಲೆಯೊಳಗೆ ರಕ್ತನಾಳ ಒಡೆಯಬಹುದು. ಒಡೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ."

"ನಿಮಗಽ ಗೊತ್ತಿಲ್ಲಂದ್ರ ಮತ್ತ್ಯಾರಿಗೆ ಗೊತ್ತರಿ? ನಮ್ಮನ್ನ ಹುಟ್ಟಿಸಿದವರು ನೀವು. ಲಕ್ವಾ ತಂದವರೂ ನೀವಽ. ಮಾಮ ಒಂದು ದಿನ ಕೆಮ್ಮಿದಾವಲ್ಲ."

ಅವಳ ಮಾತನ್ನು ಹಾಗೇ ಬರೆದುಕೊಂಡೆ. (ಈ ವಾಕ್ಯವನ್ನು ನಾಲ್ಕು ಸಲ ತಿದ್ದಿದೆ. ಮೊದಲು 'ಉತ್ತರ ಹೊಳೆಯಲಿಲ್ಲ' ಎಂದಿತ್ತು. ಅದು ಸುಳ್ಳು. ಉತ್ತರ ಇತ್ತು: ಲಕ್ವಾ ಇಲ್ಲದಿದ್ದರೆ ಕಥೆಯಿರುವುದಿಲ್ಲ. ಇದನ್ನು ಅವಳ ಮುಖ ನೋಡಿ ಹೇಳುವುದು ಹೇಗೆ?)

ಆದರೂ ಮೂರು ಮುಕ್ತಾಯಗಳನ್ನು ಬರೆದು ಅವಳ ಮುಂದಿಟ್ಟೆ.

ಅ. ಪದ್ಮಶ್ರೀ ಹನ್ನೊಂದು ಎನ್ನುತ್ತಾಳೆ. ಇಂಜೆಕ್ಷನ್ ಕೊಡುತ್ತಾರೆ. ವಾರದೊಳಗೆ ಮಾಮ ಬಲಗೈಯಲ್ಲಿ ರೊಟ್ಟಿ ಮುರಿಯುತ್ತಾನೆ. ಆ ಗೆರೆ ಯಾವುದು ಎಂದು ಅವಳು ಕೇಳಿದರೆ, ಯಾವ ಗೆರೆ ಎನ್ನುತ್ತಾನೆ.

ಆ. ಪದ್ಮಶ್ರೀ ಹನ್ನೊಂದು ಎನ್ನುತ್ತಾಳೆ. ಇಂಜೆಕ್ಷನ್ ಕೊಡುತ್ತಾರೆ. ಸಂಜೆ ಆರಕ್ಕೆ ಶೇಖರ್ ಮತ್ತೆ ಫೋನು ಮಾಡುತ್ತಾನೆ. ಹಿಂದೆ ಬುಚ್ಚಮ್ಮ ಗೋಳಿಡುವುದು ಮಾತ್ರ ಕೇಳಿಸುತ್ತದೆ.

ಇ. ಪದ್ಮಶ್ರೀ ಹತ್ತು ನಲವತ್ತು ಎನ್ನುತ್ತಾಳೆ. ಮಾಮ ಬದುಕುತ್ತಾನೆ. ಬಲಗೈ ಸತ್ತಿರುತ್ತದೆ, ಮಾತಿಲ್ಲ. ದಿನಾ ಬೆಳಿಗ್ಗೆ ಶೇಖರ್ ಅವನನ್ನು ಪರದೆಯ ಮುಂದೆ ಕೂಡಿಸುತ್ತಾನೆ. ಈಗ ಅವನೂ ನೋಡಬಹುದು, ಮುಟ್ಟಲಾರ.

ಅವಳು ಮೂರನ್ನೂ ಓದಿದಳು.

"ಮೂರನೇದು ನಿಮಗ ಭಾಳ ಛಂದ ಕಂಡಿರ್ಬೇಕಲ್ರಿ?"

ನಾನು ಆ ಹಾಳೆಯನ್ನು ಮಿಕ್ಕೆರಡರ ಕೆಳಗೆ ಸರಿಸಿದೆ.

"ನೋಡಬೋದು, ಮುಟ್ಟಲಾರ. ಜೋಡು ಕೂಡೇತಿ, ಅಂಚು ಕೂಡಿದಂಗ. ನಿಮಗ ಛಂದ ಆತು, ಮಾಮಗೇನಾತ್ರಿ? ಎಂಜಲಾ ಸೋರ್ತಿರ್ತೈತಿ, ಒರಸಾಕ ಕೈ ಎತ್ತಾಕ ಬರಂಗಿಲ್ಲ. ಅದನ್ನ ಬರದೀರೇನು?"

ಬರೆದಿರಲಿಲ್ಲ.

ಮೂರು ಇಪ್ಪತ್ತೈದು.

೫

ಓದುಗರೇ, ನಿಮಗೂ ಒಂದು ಉಪಾಯ ಹೊಳೆದಿರಬಹುದು. ಇಷ್ಟೆಲ್ಲ ಯಾಕೆ, ಕಂಡದ್ದನ್ನು ಕಂಡ ಹಾಗೆ ಡಾಕ್ಟರಿಗೆ ಹೇಳಿಬಿಡಲಿ: ಹತ್ತು ನಲವತ್ತಕ್ಕೆ ಹೂವು, ಹನ್ನೊಂದಕ್ಕೆ ಗೆರೆ, ಗೆರೆಯ ವಿಷಯ ಗೊತ್ತಿಲ್ಲ. ಅವಳು ಅದನ್ನೂ ಹೇಳಿದಳು. ಶೇಖರ್ ಅದನ್ನು ತೆಲುಗಿಗೆ ತಿರುಗಿಸಿ ಡಾಕ್ಟರಿಗೆ ಹೇಳಿದ. ಡಾಕ್ಟರು ತಿರುಗಿ ಕೇಳಿದ್ದನ್ನು ಶೇಖರ್ ಕನ್ನಡಕ್ಕೆ ತಂದ.

"ಅಕ್ಕಾ, ಡಾಕ್ಟ್ರು ಕೇಳ್ತಾರ, ಆ ಗೆರಿ ಕೆಲಸದ್ದೋ, ಕೈ ಜಾರಿದ್ದೋ? ನಮಗದು ಗೊತ್ತಾಗಂಗಿಲ್ಲ, ಗೊತ್ತಿದ್ದವ್ರು ಹೇಳ್ರಿ ಅಂತಾರ."

ಗೊತ್ತಿದ್ದವರು ಜಗತ್ತಿನಲ್ಲಿ ಇಬ್ಬರೇ. ಒಬ್ಬನಿಗೆ ಮಾತು ಬರುತ್ತಿಲ್ಲ.

ಗೊತ್ತು ಮಾಡಿಕೊಳ್ಳಲು ಒಂದು ದಾರಿ ಇದೆ, ಫೋನು ಬಂದಾಗಿನಿಂದ ಅದು ಅವಳಿಗೆ ಗೊತ್ತಿದೆ. ಅದಕ್ಕೇ ಅವಳು ನನ್ನ ಜೊತೆ ಜಗಳ ಹಚ್ಚಿಕೊಂಡಿದ್ದಾಳೆ. ಅದಕ್ಕೇ ನಾನೂ ಮುಕ್ತಾಯಗಳನ್ನು ಬರೆಯುತ್ತ ಕೂತಿದ್ದೆ. ಇಬ್ಬರಿಗೂ ಅದನ್ನು ಮಾಡುವ ಧೈರ್ಯವಿಲ್ಲ.

ಮಾಮ ಬರೆಯುವ ಅಂಚುಗಳಲ್ಲಿ ಎಳೆಗಳು ಜೋಡಿಯಾಗಿ ಏಳುತ್ತವೆ. ಆದ್ದರಿಂದ ಒಂದು ಗುರುತು ಮುಗಿದು ಇನ್ನೊಂದು ಶುರುವಾಗುವ ಮೊದಲು ಅವನು ಬಿಡುವ ಖಾಲಿ ಮನೆಗಳು ಯಾವಾಗಲೂ ಜೋಡಿ: ಎಂಟು, ಹದಿನಾರು, ಮೂವತ್ತು, ಎಷ್ಟಾದರೂ ಸರಿ, ಎರಡರಿಂದ ಭಾಗವಾಗಬೇಕು. ಇದನ್ನು ಅವನು ಯೋಚಿಸಿ ಮಾಡುವುದಿಲ್ಲ, ಅವನ ಕೈಗೆ ಬೇರೆ ರೀತಿ ಬರುವುದಿಲ್ಲ. ಜ್ವರ ಬಂದಾಗಲೂ ಹಾಗೆಯೇ, ಬುಚ್ಚಮ್ಮನೊಡನೆ ಜಗಳವಾಡಿ ಬಂದು ಕೂತಾಗಲೂ ಹಾಗೆಯೇ. ಗೆರೆ ಎಲ್ಲಿ ನಿಂತಿತು ಎಂಬುದರಿಂದ ಏನೂ ತಿಳಿಯದು. ಲಕ್ವಾ ನಡುವೆಯೇ ಹೊಡೆದಿರಬಹುದು. ಎಲ್ಲಿ ಶುರುವಾಯಿತು ಎಂಬುದನ್ನು ನೋಡಬೇಕು. ಹೂವಿನ ಕೊನೆಯಿಂದ ಗೆರೆಯ ಮೊದಲ ಕಪ್ಪು ಮನೆಯವರೆಗೆ ಖಾಲಿ ಮನೆ ಎಷ್ಟು?

(ಇಲ್ಲೊಂದು ತೊಡಕಿದೆ, ಮುಚ್ಚಿಡಬಾರದು. ಸಮಸಂಖ್ಯೆ ಬಂದರೆ ಏನೂ ಸಾಬೀತಾಗುವುದಿಲ್ಲ. ಕುರುಡಾಗಿ ಬಿದ್ದ ಕೈಯೂ ಎರಡರಲ್ಲಿ ಒಂದು ಸಲ ಸಮಸಂಖ್ಯೆಯ ಮೇಲೇ ಬೀಳುತ್ತದೆ. ಬೆಸ ಬಂದರೆ ಮಾತ್ರ ಖಚಿತ: ಗೆರೆ ಶುರುವಾಗುವ ಹೊತ್ತಿಗೇ ಆ ಕೈ ಎಣಿಸುವುದನ್ನು ಬಿಟ್ಟಿತ್ತು. ಅಂದರೆ ಈ ಎಣಿಕೆಯಿಂದ ಅವಳ ಆಸೆ ಸಾಯಬಹುದು, ಗೆಲ್ಲಲಾರದು. ಇಂಥ ಪ್ರಯೋಗವನ್ನು ಯಾರು ಮಾಡುತ್ತಾರೆ?)

"ನೀವು ಎಣಸ್ರಿ," ಎಂದಳು ಪದ್ಮಶ್ರೀ.

"ನನಗೆ ಕಾಣುವುದಿಲ್ಲವ್ವ. ಚಿತ್ರ ನಿನ್ನ ಹತ್ತಿರ ಇದೆ."

"ಎಣಸಲಾರದಽ ಹನ್ನೊಂದು ಅಂದ್ರ?"

"ಅನ್ನಬಹುದು. ಗೊತ್ತಿಲ್ಲದೆ ಅಂದ ಹಾಗಾಗುತ್ತದೆ."

"ಗೊತ್ತಿಲ್ಲದ ಅಂದ್ರ ಪಾಪ ಕಡಿಮಿ ಏನ್ರಿ?"

ಅವಳು ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡಳು. ಹನ್ನೊಂದರ ಚಿತ್ರ ತೆರೆದು, ಮನೆಗಳು ಬೆರಳ ತುದಿಯಷ್ಟಾಗುವ ತನಕ ದೊಡ್ಡದು ಮಾಡಿದಳು. ಕಾರ್ಡು ಹೊಡೆಯುವ ಮೊಳೆಯ ತುದಿಯನ್ನು ಗಾಜಿನ ಮೇಲಿಟ್ಟು, ಒಂದೊಂದೇ ಮನೆ ಸರಿಸುತ್ತ ಹೋದಳು. ತುಟಿ ಅಲುಗುತ್ತಿತ್ತು.

"ಅಕ್ಕಾ? ಅಕ್ಕಾ, ಅದೀಯೇನ?"

ಎಣಿಕೆಯಲ್ಲಿದ್ದವಳು ಉತ್ತರ ಕೊಡಲಿಲ್ಲ. ಶೇಖರನೂ ನೇಕಾರರ ಮನೆಯ ಹುಡುಗ. ಅವನಿಗೆ ಅರ್ಥವಾಗಿರಬೇಕು, ಸುಮ್ಮನಾದ. ಡಾಕ್ಟರು ಏನೋ ಕೇಳಿದರು. "ಒಕ್ಕ ನಿಮಿಷಂ ಸಾರ್," ಎಂದ.

೬

ಇದು ಕೊನೆಯ ಭಾಗವಾಗಬೇಕಿತ್ತು. ಅವಳು ಫೋನಿನಲ್ಲಿ ಹೇಳಿದ ಸಮಯವನ್ನು ಇಲ್ಲಿ ಬರೆಯಬೇಕಿತ್ತು. ಅದನ್ನು ನಾನು ಬರೆಯುವುದಿಲ್ಲ. ಬರೆದರೆ ಅ, ಆ, ಇ ಗಳಲ್ಲಿ ಒಂದು ನಿಜವಾಗಿಬಿಡುತ್ತದೆ, ಉಳಿದ ಎರಡನ್ನು ನೀವು ಮರೆಯುತ್ತೀರಿ. ಅವಳು ಮರೆಯಲಾರಳು. ಏನು ಹೇಳಿದ್ದರೂ, ಹೇಳದೆ ಬಿಟ್ಟದ್ದನ್ನು ಅವಳು ಬದುಕಿರುವ ತನಕ ಹೊತ್ತು ತಿರುಗಬೇಕು.

ನನ್ನ ಕೈಲಾಗುವುದು ಇಷ್ಟೇ, ಅವಳಿಗೆ ಸಿಕ್ಕ ಸಂಖ್ಯೆಯನ್ನು ತಿದ್ದದೆ ದಾಖಲಿಸುವುದು. ಅವಳು ಬಲದಿಂದ ಎಡಕ್ಕೆ ಇನ್ನೊಮ್ಮೆ ಎಣಿಸಿದಳು. ಆಗಲೂ ಅಷ್ಟೇ ಬಂತು.

ಹೂವಿನಿಂದ ಗೆರೆಯವರೆಗೆ ಖಾಲಿ ಮನೆಗಳು: ಮೂವತ್ತೇಳು.